ಕೀಯಾನನ ಲೋಟಗಳಲ್ಲಿ ನಿಂತ ನೀರು

ಪಶ್ಚಿಮ ಬಾಲ್ಟಿಮೋರಿನ ಆ ಬೀದಿಯಲ್ಲಿ ಬೇಸಿಗೆ ಬಂತೆಂದರೆ ಮನೆಯೊಳಗೆ ಯಾರೂ ಕೂರುವುದಿಲ್ಲ. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಸಾಲುಮನೆಗಳು ಹಗಲಿಡೀ ಬಿಸಿಲು ಕುಡಿದು ಸಂಜೆಗೆ ಒಲೆಯ ಹಾಗೆ ಕಾಯುತ್ತವೆ. ಊಟ, ಇಸ್ಪೀಟು, ಜಗಳ, ಮಕ್ಕಳಿಗೆ ಜಡೆ ಹೆಣೆಯುವುದು, ಎಲ್ಲವೂ ಬಾಗಿಲ ಮುಂದಿನ ಬಿಳಿಕಲ್ಲಿನ ಮೆಟ್ಟಿಲ ಮೇಲೆಯೇ. ಇದು ಸೊಳ್ಳೆಗಳಿಗೂ ಗೊತ್ತು. ಸಂಜೆಯಾದರೆ ಬೀದಿಯುದ್ದಕ್ಕೂ ಜನ ತಮ್ಮ ಕಾಲಿಗೆ ತಾವೇ ಬಡಿದುಕೊಳ್ಳುವ ಸದ್ದು ಕೇಳಿಸುತ್ತದೆ.

ಐಡೆಲ್ಲಾ ಪರ್ನೆಲ್ ಆ ಬೀದಿಯ ಕ್ಯಾಪ್ಟನ್. ಸಂಬಳವಿಲ್ಲದ ಹುದ್ದೆ, ಅಧಿಕಾರವೆಂದರೆ ಅವಳ ಬಾಯಿಯೇ. ಯಾರಾದರೂ ಹುರಿದ ಮೀನು ಸುತ್ತಿದ ಕಾಗದ ಎಸೆದರೆ ಎರಡನೇ ಮಹಡಿಯ ಕಿಟಕಿಯಿಂದಲೇ ಹೆಸರು ಹಿಡಿದು ಕೂಗುತ್ತಾಳೆ. ಶನಿವಾರ ಬೆಳಿಗ್ಗೆ ಬಕೆಟ್ಟು, ಬ್ರಷ್ಷು, ತಿಕ್ಕುವ ಪುಡಿ ಹಿಡಿದು ಮೆಟ್ಟಿಲು ತೊಳೆಯಲು ಕೂತಳೆಂದರೆ, ಅಕ್ಕಪಕ್ಕದವರೂ ಮುಜುಗರಪಟ್ಟುಕೊಂಡು ತಮ್ಮ ಬಕೆಟ್ಟು ಹುಡುಕಿಕೊಳ್ಳುತ್ತಾರೆ.

ವಾರದ ದಿನಗಳಲ್ಲಿ ಅವಳು ಎರಡು ಬಸ್ಸು ಹಿಡಿದು ಊರಿನ ಉತ್ತರಕ್ಕೆ, ರೋಲಂಡ್ ಪಾರ್ಕ್ ಎಂಬ ಸಿರಿವಂತರ ಬಡಾವಣೆಗೆ ಹೋಗುತ್ತಾಳೆ. ಅಲ್ಲಿ ಮಿಸೆಸ್ ವಿಟ್ಲಾಕ್ ಎಂಬ ಮುದುಕಿಗೆ ಸ್ನಾನ ಮಾಡಿಸಿ, ಸೂಪು ಕುಡಿಸಿ, ಮರಗಳ ನೆರಳಿನ ಜಗಲಿಯಲ್ಲಿ ಕೂರಿಸುವುದು ಅವಳ ಕೆಲಸ. ಅಲ್ಲಿ ಸೊಳ್ಳೆಯೇ ಇಲ್ಲವೆಂದರೆ ಸುಳ್ಳಾದೀತು. ಹೂಕುಂಡದ ತಟ್ಟೆಯಲ್ಲಿ ನೀರು ನಿಂತರೆ ಸಾಕು, ಮನೆ ಯಾರದೆಂದು ಸೊಳ್ಳೆ ವಿಚಾರಿಸುವುದಿಲ್ಲ. ಆದರೆ ಒಂದು ಕಚ್ಚಿತೋ, ಮಿಸೆಸ್ ವಿಟ್ಲಾಕ್ "ಒಳಗೆ ಹೋಗೋಣ ನಡಿ ಐಡೆಲ್ಲಾ" ಅನ್ನುತ್ತಾಳೆ. ಒಳಗೆ ತಂಪು. ಮಾರನೆಯ ದಿನ ಅವಳ ಮಗ ಔಷಧಿ ಹೊಡೆಯುವ ವ್ಯಾನು ಕಳಿಸುತ್ತಾನೆ. ಐಡೆಲ್ಲಾಳ ಬೀದಿಯವರು ಎಲ್ಲಿಗೆಂದು ಒಳಗೆ ಹೋಗಬೇಕು? ಬಸ್ಸಿನಲ್ಲಿ ವಾಪಸು ಬರುವಾಗ ಈ ಯೋಚನೆ ಬಂದು ಅವಳಿಗೆ ಸಿಟ್ಟು ಹತ್ತುತ್ತಿತ್ತು, ಮನೆ ತಲುಪುವಷ್ಟರಲ್ಲಿ ಸುಸ್ತಿಗೆ ಅದೂ ಆರಿಹೋಗುತ್ತಿತ್ತು.

ಅವಳ ಮನೆಗೂ ನೆರೆಯವಳಾದ ರೆನೀಟಾಳ ಮನೆಗೂ ನಡುವೆ ಒಂದು ಪಾಳುಮನೆ. ಕಿಟಕಿಗಳಿಗೆ ಹಲಗೆ ಬಡಿದಿದೆ. ಬಾಗಿಲ ಪಕ್ಕದಲ್ಲಿ ಬೆಂಕಿ ಆರಿಸುವವರು ಹಾಕಿಹೋದ ಕೆಂಪು ಫಲಕ, ಅದರಲ್ಲಿ ಒಂದನ್ನೊಂದು ಕತ್ತರಿಸುವ ಎರಡು ಬಿಳಿ ಗೆರೆ. ಕುಸಿದೀತು, ಒಳಗೆ ಕಾಲಿಡಬೇಡಿ ಎಂದರ್ಥ. ಒಡೆಯ ಯಾವುದೋ ಊರಿನ ಯಾವುದೋ ಕಂಪನಿ. ಫೋನು ಮಾಡಿದರೆ ಸಂಗೀತ ಕೇಳಿಸುತ್ತದೆ, ಮನುಷ್ಯರು ಸಿಗುವುದಿಲ್ಲ. ಬೀದಿಯಲ್ಲಿ ಇಲಿ ಕಂಡರೆ ಆ ಮನೆಯದು, ವಾಸನೆ ಬಂದರೆ ಆ ಮನೆಯದು, ಸೊಳ್ಳೆಯಂತೂ ಆ ಮನೆಯದೇ. ನೆಲಮಾಳಿಗೆಯಲ್ಲಿ ಮಂಡಿಯುದ್ದ ನೀರು ನಿಂತಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಇಳಿದು ನೋಡಿದವರು ಯಾರೂ ಇರಲಿಲ್ಲ.

ಹೋದ ಅಕ್ಟೋಬರಿನಲ್ಲಿ ಆ ಪಾಳುಮನೆಯ ಮೆಟ್ಟಿಲ ಮೇಲೆ ರೆನೀಟಾಳ ಒಬ್ಬನೇ ಮಗ ಕೀಯಾನ್ ಗುಂಡು ತಗಲಿ ಸತ್ತ. ಯಾರಿಗೋ ಗುರಿಯಿಟ್ಟದ್ದು, ಇವನು ಅಡ್ಡ ಸಿಕ್ಕ. ಹತ್ತೊಂಬತ್ತು ವರ್ಷದ ಹುಡುಗ. ಕಾರಿನ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ. ಪೊಲೀಸರು ಹಳದಿ ಪಟ್ಟಿ ಬಿಚ್ಚಿಕೊಂಡು ಹೋದ ಮೇಲೆ ಐಡೆಲ್ಲಾ ತನ್ನ ಬಕೆಟ್ಟು ಹಿಡಿದು ಹೋಗಿ, ರೆನೀಟಾ ಆಸ್ಪತ್ರೆಯಿಂದ ವಾಪಸು ಬರುವ ಮೊದಲು ಆ ಮೆಟ್ಟಿಲು ತೊಳೆದಳು. ಬಿಳಿಕಲ್ಲು ರಕ್ತವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ತೊಳೆದದ್ದು ತಾನೆಂದು ಅವಳು ಯಾರಿಗೂ ಹೇಳಲಿಲ್ಲ.

ಮಾರನೆಯ ದಿನವೇ ಆ ಮೆಟ್ಟಿಲು ತುಂಬಿತು. ಕರಡಿ ಗೊಂಬೆಗಳು, ಬೆಳ್ಳಿ ಬಣ್ಣದ ಬಲೂನು, ಹೈಸ್ಕೂಲು ಮುಗಿಸಿದ ದಿನದ ಟೋಪಿ ಹಾಕಿಕೊಂಡ ಕೀಯಾನನ ಫೋಟೊ. ಎಲ್ಲಕ್ಕಿಂತ ಹೆಚ್ಚಾಗಿ, ಮೂಲೆ ಅಂಗಡಿಯಲ್ಲಿ ಸಿಗುವ ಉದ್ದನೆಯ ಗಾಜಿನ ಲೋಟದೊಳಗಿನ ಮೇಣದಬತ್ತಿಗಳು. ಬೀದಿಯವರೆಲ್ಲ ಸಂತರನ್ನು ಪೂಜಿಸದ ಬ್ಯಾಪ್ಟಿಸ್ಟರು, ಲೋಟದ ಮೇಲೆ ಮಾತ್ರ ಕ್ಯಾಥೊಲಿಕ್ ಸಂತರು. ಆ ಹೊತ್ತಿನಲ್ಲಿ ಅದನ್ನು ಯಾರು ನೋಡುತ್ತಾರೆ. ಗೆಳೆಯರು ಬಂದು ಒಂದು ಬಾಟಲಿ ಬ್ರಾಂದಿ ಬಿಚ್ಚಿ, ತಾವು ಗುಟುಕು ಕುಡಿಯುವ ಮೊದಲು ಅವನ ಪಾಲಿನದನ್ನು ನೆಲಕ್ಕೆ ಎರೆದರು. ರೆನೀಟಾಳ ತಂದೆ ಮಿಸ್ಟರ್ ಹೋರೇಸ್ ಅದನ್ನು ನೋಡಿ ಗೊಣಗಿದರು.

"ನಮ್ಮಮ್ಮನೂ ಸತ್ತೋರಿಗೆ ಎರೀತಿದ್ಲು. ನೀರು ಎರೀತಿದ್ಲು. ಇಷ್ಟು ದುಬಾರಿ ಸತ್ತೋರು ನಮ್ಮನೇಲಿ ಇರ್ಲಿಲ್ಲ."

ಸತ್ತವರ ನೆನಪಿನ ಇಂಥ ಜಾಗಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಬೀದಿ ಗುಡಿಸುವವರು ಸುತ್ತು ಹಾಕಿ ಗುಡಿಸುತ್ತಾರೆ. ಬತ್ತಿ ಉರಿದು ಮುಗಿದರೂ ಲೋಟ ಅಲ್ಲೇ ಇರುತ್ತದೆ, ಪಕ್ಕದಲ್ಲಿ ಹೊಸದು ಬರುತ್ತದೆ. ಚಳಿಗಾಲ ಕಳೆಯಿತು, ವಸಂತದ ಮಳೆ ಬಂತು. ರೆನೀಟಾ ಪ್ರತಿ ಭಾನುವಾರ ಒಂದು ಹೊಸ ಬತ್ತಿ ಇಡುತ್ತ ಬಂದಳು. ಕಸ ಕಂಡರೆ ಕೆಂಡವಾಗುವ ಐಡೆಲ್ಲಾ ಕೂಡ ಶನಿವಾರಗಳಂದು ತನ್ನ ಮೆಟ್ಟಿಲು ತೊಳೆದು, ಅತ್ತ ನೋಡದೆ ಬಕೆಟ್ಟು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಜುಲೈನಲ್ಲಿ ವಿಶ್ವವಿದ್ಯಾಲಯದಿಂದ ಬ್ರಿಜೆಟ್ ಎಂಬ ಹುಡುಗಿ ಬರತೊಡಗಿದಳು. ಊರಿನ ಬಡ ಬೀದಿಗಳಲ್ಲೂ ಸಿರಿವಂತರ ಬೀದಿಗಳಲ್ಲೂ ಸೊಳ್ಳೆ ಹಿಡಿಯುವ ಬಲೆ ತೂಗುಹಾಕಿ, ಎಲ್ಲಿ ಎಷ್ಟು ಬಿದ್ದವೆಂದು ನೋಡುವುದು ಅವಳ ಓದು. ಐಡೆಲ್ಲಾಳ ಹಿತ್ತಲಿನಲ್ಲೂ ಒಂದು ಬಲೆ ಇತ್ತು.

"ನಮ್ಮದರಲ್ಲಿ ಜಾಸ್ತಿ ಬೀಳುತ್ತೆ ಅನ್ನೋಕೆ ಓದು ಯಾಕಮ್ಮಾ ಬೇಕು? ನನ್ನ ಕಾಲು ತೋರಿಸ್ತೀನಿ ಬಾ" ಎಂದು ಐಡೆಲ್ಲಾ ಅವಳನ್ನು ರೇಗಿಸುತ್ತಿದ್ದಳು.

ಒಂದು ದಿನ ಬಲೆ ಬಿಚ್ಚಿಕೊಂಡು ಹೊರಟ ಬ್ರಿಜೆಟ್ ಪಾಳುಮನೆಯ ಮುಂದೆ ನಿಂತಳು. ಮೆಟ್ಟಿಲ ಬಳಿ ಬಗ್ಗಿ ನೋಡಿದಳು. ದನಿ ತಗ್ಗಿಸಿ ಕರೆದಳು.

"ಮಿಸ್ ಐಡೆಲ್ಲಾ, ಇಲ್ಲಿ ಸ್ವಲ್ಪ ನೋಡಿ."

ಸಂತನ ಚಿತ್ರವಿದ್ದ ಲೋಟದಲ್ಲಿ ಅರ್ಧಕ್ಕೆ ಮಳೆನೀರು. ತಳದಲ್ಲಿ ಕರಕಲಾದ ಮೇಣ, ಕೊಳೆತ ಎಲೆ. ನೀರಿನಲ್ಲಿ ಸಣ್ಣ ಹುಳಗಳು ಸೊಟ್ಟ ಸೊಟ್ಟ ಕುಣಿಯುತ್ತ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದವು. ಪಕ್ಕದ ಲೋಟದಲ್ಲೂ ಅದೇ. ಅದರ ಪಕ್ಕದ್ದರಲ್ಲೂ.

"ಎಲ್ಲಾ ಸೊಳ್ಳೆ ಮರಿ. ಇನ್ನೇನು ರೆಕ್ಕೆ ಬಂದುಬಿಡುತ್ತೆ. ನೀರು ಚೆಲ್ಲಿಬಿಟ್ರೆ ಸಾಕು, ಔಷಧಿ-ಗಿಷಧಿ ಏನೂ ಬೇಡ."

"ಚೆಲ್ಲಿದ್ರೆ ಸಾಕು ಅಂತೀಯಲ್ಲ ಮಗಾ, ಇದೇನು ಪಾತ್ರೆ ತೊಳೆದ ನೀರಾ?"

ಹುಡುಗಿಯ ಮುಖ ಕೆಂಪಾಯಿತು. "ಅವರ ತಾಯಿಗೆ ನಾನೇ ಹೇಳ್ಲಾ?"

"ನೀನಾ? ಬೇಡ ತಾಯಿ. ನಿನ್ನನ್ನ, ನಿನ್ನ ಬಲೇನ, ಎರಡನ್ನೂ ಒಟ್ಟಿಗೆ ಆಚೆ ಬಿಸಾಕ್ತಾಳೆ. ನಾನು ನೋಡ್ಕೋತೀನಿ."

ನೋಡಿಕೊಂಡ ರೀತಿ ಮಾತ್ರ ಕ್ಯಾಪ್ಟನ್‌ಗೆ ತಕ್ಕದ್ದಾಗಿರಲಿಲ್ಲ. ಹೇಳಲು ಧೈರ್ಯ ಬಾರದೆ, ರೆನೀಟಾ ರಾತ್ರಿ ಪಾಳಿ ಮುಗಿಸಿ ಬರುವುದರೊಳಗೆ ಯಾರಿಗೂ ತಿಳಿಯದಂತೆ ಕೆಲಸ ಮುಗಿಸಿಬಿಡೋಣವೆಂದು ಬೆಳ್ಳಂಬೆಳಿಗ್ಗೆ ಹೋಗಿ ಕೂತಳು. ಎರಡು ಲೋಟ ಬಗ್ಗಿಸಿದ್ದಳು, ಮೂರನೆಯದು ಕೈಯಲ್ಲಿತ್ತು. ಅವತ್ತೇ ರೆನೀಟಾ ಬೇಗ ಬರಬೇಕೆ.

"ಏನ್ ಮಾಡ್ತಿದ್ದೀರಿ ನೀವು?"

"ನೀರು ನಿಂತಿತ್ತು ಕಣೇ. ಚೆಲ್ತಾ ಇದ್ದೆ."

"ಚೆಲ್ತಾ ಇದ್ರಾ? ನನ್ನ ಮಗನ್ನ ಚೆಲ್ತಾ ಇದ್ರಾ?"

"ಅಯ್ಯೋ, ಹಂಗಲ್ಲ ರೆನೀಟಾ, ಕೇಳಿಲ್ಲಿ..."

"ಏನ್ ಕೇಳೋದು? ಬೀದೀಲಿ ಒಂದು ಕಾಗದ ಬಿದ್ರೆ ನಿಮಗೆ ನಿದ್ದೆ ಬರಲ್ಲ. ಯಾವಾಗ ಇದನ್ನ ಎತ್ತಿ ತೊಟ್ಟಿಗೆ ಹಾಕೋಣ ಅಂತ ಮೊದಲನೇ ದಿನದಿಂದ ಕಾಯ್ತಿದ್ರಿ. ನಿಮಗೆ ಅವನು ಕಸ ಅಲ್ವಾ? ಇನ್ನೊಂದು ಸಲ ಕೈ ಹಚ್ಚಿ ನೋಡಿ, ಮಿಸ್ ಐಡೆಲ್ಲಾ, ವಯಸ್ಸಿಗೂ ಮರ್ಯಾದೆ ಕೊಡಲ್ಲ ನಾನು!"

ಈ ಕಲ್ಲಿನ ಮೇಲಿದ್ದ ನಿನ್ನ ಮಗನ ರಕ್ತ ತೊಳೆದವಳು ನಾನು ಎಂಬ ಮಾತು ಐಡೆಲ್ಲಾಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಹುಳದ ಮಾತೂ ಅದರ ಜೊತೆಗೇ ಒಳಗೆ ಹೋಯಿತು. ಲೋಟಗಳನ್ನು ಇದ್ದಲ್ಲೇ ಇಟ್ಟು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದೇ ವಾರ ಗುಡುಗು ಮಳೆ ಬಂದು ಲೋಟಗಳು ಮತ್ತೆ ತುಂಬಿದವು.

ಅಂದಿನಿಂದ ರೆನೀಟಾ ಅವಳೊಡನೆ ಮಾತು ಬಿಟ್ಟಳು. ಮಿಸ್ಟರ್ ಹೋರೇಸ್ ಮಾತ್ರ ಬಿಡಲಿಲ್ಲ. ಉಕ್ಕಿನ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದ ಮುದುಕ. ಮೊಮ್ಮಗ ಹೋದಂದಿನಿಂದ ಪ್ರತಿ ಸಂಜೆ ಮಡಿಸುವ ಕುರ್ಚಿ ತಂದು ಪಾಳುಮನೆಯ ಮೆಟ್ಟಿಲಿಗೆ ತಾಗಿಸಿಕೊಂಡು ಕೂರುತ್ತಿದ್ದರು. ಕೀಯಾನನಿಗೆ ಬೇಸ್‌ಬಾಲ್ ಆಟದ ಸುದ್ದಿ ಹೇಳುತ್ತಿದ್ದರು.

"ಏನ್ ಕ್ಯಾಪ್ಟನ್, ಹಡಗು ಮುಳುಗಿಸ್ಕೊಂಡ್ಯಂತೆ?"

"ಮುಳುಗ್ತು ಮಿಸ್ಟರ್ ಹೋರೇಸ್. ಅದಿರ್ಲಿ, ಸಂಜೆ ಹೊತ್ತು ಉದ್ದ ತೋಳಿನ ಅಂಗಿ ಹಾಕ್ಕೊಂಡು ಕೂರಬಾರದಾ?"

"ಕುಲುಮೆ ಮುಂದೆ ಬೆಂದ ಚರ್ಮ ಇದು. ಸೊಳ್ಳೆದೇ ಹಲ್ಲು ಮುರೀಬೇಕು" ಎಂದು ನಕ್ಕು ಮೊಣಕೈಗೆ ಒಂದು ಬಾರಿಸಿಕೊಂಡರು.

ಆಗಸ್ಟ್ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಐಡೆಲ್ಲಾಳ ಬಾಗಿಲಲ್ಲಿ ಬಡಬಡ ಸದ್ದಾಯಿತು. ರೆನೀಟಾ ನಿಂತಿದ್ದಳು. ಸಿಟ್ಟು, ಮಾತು ಬಿಟ್ಟದ್ದು, ಯಾವುದೂ ಮುಖದಲ್ಲಿರಲಿಲ್ಲ.

"ಡ್ಯಾಡಿ ಬಲಗಾಲು ಎತ್ತಕ್ಕಾಗ್ತಿಲ್ಲ ಮಿಸ್ ಐಡೆಲ್ಲಾ. ಮೈ ಸುಡ್ತಿದೆ. ನನ್ನನ್ನ ಅಮ್ಮಾ ಅಂತ ಕರೀತಿದಾರೆ."

ಆಂಬ್ಯುಲೆನ್ಸಿನಲ್ಲಿ ಇಬ್ಬರೂ ಹೋದರು. ವೆಸ್ಟ್ ನೈಲ್ ಎಂದು ವೈದ್ಯರು ಹೇಳಿದರು. ಸೊಳ್ಳೆಯಿಂದ ಬರುವ ಜ್ವರ, ಬಹಳ ಜನಕ್ಕೆ ಬಂದದ್ದೇ ತಿಳಿಯುವುದಿಲ್ಲ, ಮುದುಕರಲ್ಲಿ ಕೆಲವರಿಗೆ ಮಿದುಳಿಗೆ ಏರುತ್ತದೆ. ಏರಿದರೆ ಅದಕ್ಕೆಂದೇ ಒಂದು ಮದ್ದಿಲ್ಲ. ಯಾವ ಸೊಳ್ಳೆ, ಎಲ್ಲಿ ಹುಟ್ಟಿದ್ದು, ಯಾರೂ ಹೇಳಲಾರರು ಎಂದರು. ಐಡೆಲ್ಲಾಳಿಗೆ ಕಣ್ಣೆದುರು ಆ ಲೋಟವೇ ಬಂತು. 

ರೆನೀಟಾಳಿಗೆ ಸಂಶಯವೇ ಇರಲಿಲ್ಲ. "ಆ ಮನೆ ನನ್ನ ಮಗನ್ನ ತಿಂತು. ಈಗ ಅಪ್ಪನ್ನ ತಿಂತಿದೆ" ಎಂದು ಬೀದಿಯವರನ್ನೆಲ್ಲ ಕೂಡಿಸಿದಳು. ಎಲ್ಲರೂ ಒಟ್ಟಾಗಿ ನಗರಸಭೆಯ ಕಚೇರಿಗೆ ಫೋನಿನ ಮೇಲೆ ಫೋನು ಮಾಡಿದರು. ಕೊನೆಗೆ ಒಬ್ಬಾತ ಹಾರೆ, ಟಾರ್ಚು ಹಿಡಿದು ಬಂದ. ಹಲಗೆ ಕಿತ್ತ. ಬೀದಿಗೆ ಬೀದಿಯೇ ಮೂಗು ಮುಚ್ಚಿಕೊಂಡು ಕಾಯಿತು. ಆತ ನೆಲಮಾಳಿಗೆಗೆ ಇಳಿದು, ಮೇಲೆ ಬಂದು, ಪ್ಯಾಂಟು ಕೊಡವಿಕೊಂಡ.

"ನೀರಿಲ್ಲ."

"ಸುಳ್ಳು!" ಎಂದವಳೇ ರೆನೀಟಾ ಅವನ ಕೈಯಿಂದ ಟಾರ್ಚು ಕಿತ್ತುಕೊಂಡು ಇಳಿದಳು. ಮೇಲೆ ಬಂದಾಗ ಅವಳ ಬೂಟುಗಳ ಮೇಲೆ ಒಣ ಧೂಳು. ನೆಲ ಬಿರಿದಿತ್ತು, ಬಂದ ನೀರೆಲ್ಲ ಮಣ್ಣಿಗೆ ಇಂಗಿಹೋಗಿತ್ತು.

"ಹಂಗಾದ್ರೆ ಎಲ್ಲಿಂದ ಬಂತು?" ಎಂದು ಅವಳು ಎಲ್ಲರ ಮುಖ ನೋಡಿದಳು.

 ಕಚೇರಿಯಿಂದ ಬಂದವನು ಮೆಟ್ಟಿಲಿಳಿಯುವಾಗ ಒಂದು ಲೋಟಕ್ಕೂ ಕಾಲು ತಾಗದಂತೆ ಜೋಪಾನವಾಗಿ ಹೆಜ್ಜೆಯಿಟ್ಟ. ಫೋಟೊದ ಮುಂದೆ ನಿಂತು ಟೋಪಿ ತೆಗೆದ. ಅವನೂ ಇಂಥದೇ ಒಂದು ಬೀದಿಯವನು. ಲೋಟಗಳ ನೀರು ಅವನಿಗೂ ಕಂಡಿರಬೇಕು. ಅದನ್ನು ಹೇಳದೆಯೇ ಹಾರೆ ಎತ್ತಿಕೊಂಡು ನಡೆದ. ಐಡೆಲ್ಲಾ ತಲೆ ತಗ್ಗಿಸಿದಳು. ಹೇಳಿದರೆ ಈ ಹೆಣ್ಣು ಒಡೆದು ಹೋಗುತ್ತಾಳೆ. ಹೇಳದಿದ್ದರೆ ನೀರು ಹಾಗೇ ಇರುತ್ತದೆ. ಮೊದಲ ಹಿಮ ಬೀಳುವವರೆಗೆ ಸೊಳ್ಳೆಗೆ ಸಾವಿಲ್ಲ. ಅಪ್ಪನ ಕುರ್ಚಿಯಲ್ಲಿ ಈಗ ಸಂಜೆ ಹೊತ್ತು ರೆನೀಟಾಳೇ ಕೂರುತ್ತಿದ್ದಳು.

ಮಾರನೆಯ ದಿನ ಐಡೆಲ್ಲಾ ಆಸ್ಪತ್ರೆಗೆ ಹೋದಾಗ ಮಿಸ್ಟರ್ ಹೋರೇಸರಿಗೆ ಪ್ರಜ್ಞೆ ತಿಳಿಯಾಗಿತ್ತು. ರೆನೀಟಾ ಕಾಫಿಗೆಂದು ಕೆಳಗೆ ಹೋಗಿದ್ದಳು.

"ಕ್ಯಾಪ್ಟನ್ನಾ?"

"ಹೂಂ, ನಾನೇ."

"ನೈಲಂತೆ ಕಣೇ. ನನ್ನ ಜನ್ಮದಲ್ಲಿ ನೈಲ್ ನದಿ ನೋಡಕ್ಕಾಗಲ್ಲ ಅಂದ್ಕೊಂಡಿದ್ದೆ. ಅದೇ ನನ್ನ ಹುಡುಕ್ಕೊಂಡು ಬಂತು."

ಐಡೆಲ್ಲಾ ನಕ್ಕಳು. ನಗುನಗುತ್ತಲೇ ಕಣ್ಣು ತುಂಬಿತು. ಅವರು ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದರು.

"ಲೋಟದಲ್ಲಿ ಏನಿತ್ತು ಅಂತ ನಂಗೆ ಗೊತ್ತಿತ್ತು. ನಾವು ಚಿಕ್ಕೋರಿದ್ದಾಗ ಸಮುದ್ರದ ಕೊಲ್ಲಿ ಆಚೆ ಹಳ್ಳೀಲಿ ಮಳೆನೀರಿನ ಪೀಪಾಯಿಗೆ ಅಮ್ಮ ಸೀಮೆಎಣ್ಣೆ ಹನಿಸ್ತಿದ್ಲು, ಆ ಹುಳ ಸಾಯ್ಲಿ ಅಂತ."

"ಗೊತ್ತಿದ್ದೂ ಅಲ್ಲೇ ಕೂತಿದ್ರಲ್ಲಾ!"

"ಇನ್ನೆಲ್ಲಿ ಕೂರ್ಲಿ? ಹುಡುಗ ಅಲ್ಲಿದ್ದ."

ಐಡೆಲ್ಲಾ ಅವರ ಕೈ ಹಿಡಿದುಕೊಂಡಳು. ಕೈ ಹಂಚಿನಷ್ಟು ಬಿಸಿಯಾಗಿತ್ತು.

"ಅವಳಿಗೆ ಹೇಳ್ಬೇಡ. ಮಗನಿಗಿಟ್ಟ ದೀಪದಿಂದ ಅಪ್ಪ ಹೋದ ಅಂತ ಗೊತ್ತಾದ್ರೆ ಅವಳು ಉಳಿಯಲ್ಲ. ಮಾತು ಕೊಡು."

"ಕೊಟ್ಟೆ. ಆದ್ರೆ ಆ ನೀರನ್ನ ಏನ್ಮಾಡ್ಲಿ? ಈಗ ಅವಳೇ ಅಲ್ಲಿ ಕೂತಿರ್ತಾಳೆ. ಚೆಲ್ಲೋಕೆ ಬಿಡಲ್ಲ."

"ಚೆಲ್ಲೋಕೆ ಬಿಡಲ್ಲ" ಎಂದರು ಅವರು. "ಎರೆಯೋಕೆ ಬಿಡ್ತಾಳೆ. ನಂಗೂ ಹುಡುಗನಿಗೂ ಒಟ್ಟಿಗೇ ಎರೀಲಿ. ಹೊಸ ನೀರು ಬೇಡ, ಅವನ ಲೋಟದ್ದೇ ಸಾಕು. ನಾನು ಹೇಳ್ದೆ ಅನ್ನು."

"ಸತ್ತೋರಿಗೆ ಅಲ್ವಾ ಎರೆಯೋದು?"

"ಅದಕ್ಕೇನು ಅವಸರ, ಕಾಯಿ" ಎಂದು ಅವರು ಕಣ್ಣು ಮುಚ್ಚಿದರು.

ಬಹಳ ಕಾಯಿಸಲಿಲ್ಲ. ಸೆಪ್ಟೆಂಬರಿನ ಮೊದಲ ವಾರವೇ ಹೋದರು. ಅಂತ್ಯಕ್ರಿಯೆಯ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಕರಿದ ಕೋಳಿ, ಬೇಯಿಸಿದ ಸೊಪ್ಪಿನ ಊಟ ಮುಗಿದ ಮೇಲೆ ಕಪ್ಪು ಬಟ್ಟೆಯಲ್ಲೇ ಎಲ್ಲರೂ ಬೀದಿಗೆ ಬಂದರು. ಐಡೆಲ್ಲಾ ರೆನೀಟಾಳ ತೋಳು ಹಿಡಿದು ಮಿಸ್ಟರ್ ಹೋರೇಸ್ ಹೇಳಿದ್ದನ್ನು ಹೇಳಿದಳು, ಹೇಳಬಹುದಾದಷ್ಟನ್ನು ಮಾತ್ರ.

"ಡ್ಯಾಡಿ ಹಂಗಂದ್ರಾ? ಅವನ ಲೋಟದ್ದೇ ನೀರು ಅಂದ್ರಾ?"

"ಅದೇ ಅಂದ್ರು, ಮಗಾ."

ರೆನೀಟಾ ಮೆಟ್ಟಿಲ ಬಳಿ ಮಂಡಿಯೂರಿದಳು. ಮೊದಲ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ, ಕಾಲುಹಾದಿಯ ಅಂಚಿನಲ್ಲಿದ್ದ ಎಳೆ ಮರದ ಬುಡಕ್ಕೆ ಎರೆದಳು. "ಕೀಯಾನ್" ಎಂದಳು. ಹಿಂದೆ ನಿಂತವರು "ಆಶೇ" ಎಂದರು. ಹಾಗೇ ಆಗಲಿ ಎಂಬ ಆ ಮಾತು ಹಿರಿಯರ ಹಿರಿಯರಿಂದ, ಸಮುದ್ರದಾಚೆಯಿಂದ ಬಂದದ್ದು. "ಹೋರೇಸ್." "ಆಶೇ." ಅಜ್ಜಿಯ ಹೆಸರು ಹೇಳಿದಳು. ಬೀದಿಯವರೂ ತಮ್ಮ ತಮ್ಮವರ ಹೆಸರು ಹೇಳತೊಡಗಿದರು. ಒಂದೊಂದು ಹೆಸರಿಗೆ ಒಂದೊಂದು ಲೋಟ. ಆ ಬೀದಿಯಲ್ಲಿ ಹೆಸರಿಗೇನೂ ಕೊರತೆಯಿರಲಿಲ್ಲ. ಐಡೆಲ್ಲಾ ತನ್ನ ಗಂಡನ ಹೆಸರು ಹೇಳಿದಾಗ ಅವಳ ದನಿ ಒಡೆಯಿತು.

ಎರೆಯುತ್ತ ಎರೆಯುತ್ತ ರೆನೀಟಾಳ ಕೈ ನಿಂತಿತು. ಮರದ ಬುಡದ ಒದ್ದೆ ಮಣ್ಣಿನ ಮೇಲೆ ಇಳಿಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಅಲ್ಲಿ ಹುಳಗಳು ಮಿಸುಕಾಡುತ್ತಿದ್ದವು. ಅವಳು ಕೈಯಲ್ಲಿದ್ದ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಹಿಂದೆ ಯಾರೋ ಕೆಮ್ಮಿದರು.

"ಮಿಸ್ ಐಡೆಲ್ಲಾ."

"ಹೇಳು ಮಗಾ."

"ಅವತ್ತು ಬೆಳಿಗ್ಗೆ ನೀವು ಇದಕ್ಕೇ ಬಂದಿದ್ರಾ?"

ಕೊಟ್ಟ ಮಾತನ್ನು ಐಡೆಲ್ಲಾ ಮುರಿಯುವಂತಿರಲಿಲ್ಲ. ಸುಳ್ಳು ಹೇಳಲೂ ಅವಳಿಗೆ ಆಗಲಿಲ್ಲ. ಅವಳೂ ಪಕ್ಕದಲ್ಲಿ ಮಂಡಿಯೂರಿದಳು.

"ಇವು ಎಲ್ಲಾ ಕಡೆ ಇರ್ತವೆ ಕಣೇ. ನೀರು ನಿಂತ ಕಡೆಯೆಲ್ಲಾ. ನಾನು ಕೆಲಸಕ್ಕೆ ಹೋಗೋ ಮನೆ ಹೂಕುಂಡದಲ್ಲೂ ಇವೆ."

"ರೋಲಂಡ್ ಪಾರ್ಕಲ್ಲೂ?"

"ಅಲ್ಲೂ."

"ಅಲ್ಲಿ ಯಾರಾದ್ರೂ ಸತ್ರಾ?"

ಐಡೆಲ್ಲಾ ಆ ಜಗಲಿ, ಆ ತಂಪು ಕೋಣೆ, ಆ ವ್ಯಾನು ಎಲ್ಲವನ್ನೂ ನೆನೆದಳು.

"ಇಲ್ಲ ಮಗಾ. ನಂಗೆ ತಿಳಿದ ಹಾಗೆ ಇಲ್ಲ."

ರೆನೀಟಾ ತಲೆಯಾಡಿಸಿದಳು. ಅಳಲಿಲ್ಲ. ಲೋಟದಲ್ಲಿ ಉಳಿದಿದ್ದನ್ನು ಕೊನೆಯ ಹನಿಯವರೆಗೆ ಎರೆದು, "ಡ್ಯಾಡಿ" ಎಂದಳು. ಈ ಸಲ "ಆಶೇ" ಎಂದವಳು ಐಡೆಲ್ಲಾ ಒಬ್ಬಳೇ, ಉಳಿದವರಿಗೆ ಕೇಳಿಸಿರಲಿಲ್ಲ. ಆಮೇಲೆ ರೆನೀಟಾ ತನ್ನ ಕಪ್ಪು ಉಡುಪಿನ ಅಂಚಿನಿಂದ ಲೋಟದ ಒಳಗನ್ನು ಒರೆಸಿ, ಮಗನ ಫೋಟೊದ ಮುಂದೆ, ಬಿಳಿಕಲ್ಲಿನ ಮೇಲೆ ಬೋರಲು ಇಟ್ಟಳು. ಮುಂದಿನದಕ್ಕೆ ಕೈ ಚಾಚಿದಳು. ಐಡೆಲ್ಲಾ ಅದನ್ನು ಎತ್ತಿ ಕೊಟ್ಟಳು.